ಸೋಮವಾರದ ವಾಸನೆ

ಸಿಎನ್‌ಸಿ ಮಷೀನುಗಳಿರೋ ಶೆಡ್‌ನಲ್ಲಿ ಕೆಲಸ ಮಾಡಿದವರಿಗೆ ಸೋಮವಾರ ಬೆಳಿಗ್ಗೆಯ ವಾಸನೆ ಗೊತ್ತಿರುತ್ತೆ. ಶಟರ್ ಎತ್ತಿದ ಕೂಡಲೇ ಕೊಳೆತ ಮೊಟ್ಟೆಯ ಥರ ಮೂಗಿಗೆ ಬಡಿಯುತ್ತೆ. ಭಾನುವಾರ ಮಷೀನ್ ನಿಂತಿರುತ್ತೆ, ಕೂಲಂಟ್ ಅಲ್ಲಾಡದೆ ಟ್ಯಾಂಕಿನಲ್ಲಿ ಬಿದ್ದಿರುತ್ತೆ, ಮೇಲೆ ತೇಲೋ ಎಣ್ಣೆಯ ಪದರ ಗಾಳಿ ಒಳಗೆ ಹೋಗದಂತೆ ಮುಚ್ಚಿಬಿಡುತ್ತೆ. ಗಾಳಿ ಬೇಡದ ಬ್ಯಾಕ್ಟೀರಿಯಾಗಳಿಗೆ ಅವತ್ತು ಹಬ್ಬ.

ಪೀಣ್ಯದ ರಸ್ತೆಗಳಲ್ಲಿ ಇಂಥ ಶೆಡ್‌ಗಳು ಸಾಲುಸಾಲು. ಅಂಥದ್ದೊಂದರಲ್ಲಿ ತ್ಯಾಜ್ಯನೀರಿನ ಘಟಕ ನೋಡಿಕೊಳ್ಳೋದು ನನ್ನ ಕೆಲಸ. ಏನು ಕೆಲಸ ಅಂತ ನೆಂಟರು ಕೇಳಿದರೆ ‘ಫಿಲ್ಟರ್ ತೊಳೀತೀನಿ’ ಅಂತೀನಿ. ಅದೇನೂ ಸುಳ್ಳಲ್ಲ.

ಕೂಲಂಟ್ ಅಂದರೆ ನೀರಿಗೆ ನೂರಕ್ಕೆ ಐದರಷ್ಟು ಎಣ್ಣೆ ಬೆರೆಸಿದ ದ್ರಾವಣ. ಲೋಹ ಕೊರೆಯುವಾಗ ಟೂಲ್ ಬಿಸಿಯಾಗದಂತೆ ಮೇಲಿಂದ ಸುರೀತಾ ಇರುತ್ತೆ. ಎಣ್ಣೆ ನೀರು ಸೇರಲ್ಲ ಅಂತ ಶಾಲೇಲಿ ಓದಿದ್ದೇವಲ್ಲ, ಇಲ್ಲಿ ಸೇರಲೇಬೇಕು. ಅದಕ್ಕೆ ಸೋಪಿನ ಜಾತಿಯ ರಾಸಾಯನಿಕ ಹಾಕಿ ಎಣ್ಣೆಯನ್ನು ಸಣ್ಣ ಸಣ್ಣ ಹನಿ ಮಾಡಿರ್ತಾರೆ. ಒಂದೊಂದು ಹನಿ ಸುಮಾರು ಒಂದು ಮೈಕ್ರಾನ್, ಕೆಲವು ಇನ್ನೂ ಚಿಕ್ಕವು. ನಮ್ಮ ತಲೆಕೂದಲು 70 ಮೈಕ್ರಾನ್ ದಪ್ಪ ಇರುತ್ತೆ, ಲೆಕ್ಕ ಹಾಕಿಕೊಳ್ಳಿ. ನೋಡೋಕೆ ಥೇಟ್ ಹಾಲು.

ಹಳೇದಾದ ಈ ಹಾಲನ್ನು ಏನು ಮಾಡೋದು ಅನ್ನೋದೇ ತಲೆನೋವು. ತೇಲೋ ಎಣ್ಣೆಯಾದರೆ ಬೆಲ್ಟ್ ಹಾಕಿ ಕೆನೆ ತೆಗೆದ ಹಾಗೆ ತೆಗೀಬಹುದು. ಹಾಲಾಗಿರೋ ಎಣ್ಣೆ ವಾರಗಟ್ಟಲೆ ಬಿಟ್ಟರೂ ಮೇಲೆ ಬರಲ್ಲ. ಆಸಿಡ್ಡೋ ಆಲಮ್ಮೋ ಹಾಕಿ ಒಡೆಸಬಹುದು, ಆದರೆ ಆಮೇಲೆ ರಾಡಿ ಹೊರೋರು ಯಾರು? ಹಾಗಂತ ಮೋರಿಗೆ ಬಿಡೋ ಹಾಗಿಲ್ಲ. ಪೀಣ್ಯದ ಎಷ್ಟೋ ಮೋರಿಗಳು ವೃಷಭಾವತಿ ಕಣಿವೆಗೆ ಇಳಿಯುತ್ತವೆ. ಅಲ್ಲಿಂದ ಬೈರಮಂಗಲ ಕೆರೆ, ಅರ್ಕಾವತಿ, ಕೊನೆಗೆ ಕಾವೇರಿ. ಬೈರಮಂಗಲದ ಸುತ್ತ ಅದೇ ನೀರಲ್ಲಿ ಬೆಳೆ ಬೆಳೀತಾರೆ.

ನಮ್ಮಲ್ಲಿರೋದು ಮೆಂಬ್ರೇನ್, ಅಲ್ಟ್ರಾಫಿಲ್ಟ್ರೇಷನ್ ಅಂತಾರೆ. ರಂಧ್ರದ ಅಳತೆ 0.1 ಮೈಕ್ರಾನ್‌ಗಿಂತ ಕಡಿಮೆ. ಜರಡಿ ಹಿಡಿದ ಹಾಗೆ ನೀರನ್ನು ನೇರವಾಗಿ ಒತ್ತಿದರೆ ಐದು ನಿಮಿಷದಲ್ಲಿ ಕಟ್ಟಿಕೊಂಡುಬಿಡುತ್ತೆ. ಅದಕ್ಕೇ ಕೊಳವೆಯ ಒಳಗೆ ಕೂಲಂಟನ್ನು ಜೋರಾಗಿ ಓಡಿಸ್ತೀವಿ. ಓಡೋ ನೀರೇ ಗೋಡೆಯನ್ನು ಗುಡಿಸ್ತಾ ಹೋಗುತ್ತೆ, ಸ್ವಲ್ಪ ಸ್ವಲ್ಪ ನೀರು ಗೋಡೆ ದಾಟಿ ಹೊರಬರುತ್ತೆ, ಎಣ್ಣೆ ಒಳಗೇ ಸುತ್ತುತ್ತಾ ಗಟ್ಟಿಯಾಗುತ್ತೆ. ನೀರು ಕಡಿಮೆ ಬರ್ತಿದೆ ಅಂತ ಒತ್ತಡ ಏರಿಸಿದರೆ ಕೆಟ್ಟಿರಿ. ಎಣ್ಣೆಯ ಪದರ ಇನ್ನೂ ಬಿಗಿಯಾಗಿ ಕೂರುತ್ತೆ, ಅತಿಯಾದರೆ ಹನಿಗಳು ಹಿಂಡಿಕೊಂಡು ರಂಧ್ರದಲ್ಲೇ ನುಸುಳಿಬಿಡ್ತವೆ. ಇದನ್ನು ನನಗೆ ಹೇಳಿಕೊಟ್ಟಿದ್ದು ಕಾಲೇಜಲ್ಲ, ಹತ್ತನೇ ಕ್ಲಾಸ್ ಓದಿರೋ ನಮ್ಮ ಆಪರೇಟರ್ ಅಣ್ಣ. ‘ಮೇಡಂ, ವಾಲ್ವ್ ಮುಟ್ಟಬೇಡಿ, ಮೊದಲು ತೊಳೀರಿ’ ಅಂತ.

ಆದರೂ ಒಂದು ಸಲ ಎಡವಟ್ಟಾಯ್ತು, ತಪ್ಪು ನನ್ನದೇ. ರಾತ್ರಿ ಪಾಳಿಯಲ್ಲಿ ಮಷೀನ್ ಟ್ಯಾಂಕಲ್ಲಿ ನೊರೆ ಉಕ್ಕಿದೆ. ಯಾರೋ ನೊರೆ ಇಳಿಸೋಕೆ ಒಂದು ಕ್ಯಾನ್ ತಂದು ಸುರಿದಿದ್ದಾರೆ, ಸಿಲಿಕೋನ್ ಇರೋದು. ಸಿಲಿಕೋನ್ ಮೆಂಬ್ರೇನಿಗೆ ಅಂಟಿದರೆ ಬಿಡಲ್ಲ. ಮುಂದಿನ ಸಲ ಆ ಕೂಲಂಟ್ ನಮ್ಮ ಘಟಕಕ್ಕೆ ಬಂತು, ಎರಡು ದಿನದಲ್ಲಿ ಹರಿವು ಅರ್ಧಕ್ಕಿಳಿಯಿತು. ಕ್ಷಾರದ ಬಿಸಿನೀರಲ್ಲಿ ತೊಳೆದೆವು, ಮತ್ತೆ ತೊಳೆದೆವು. ನಮ್ಮದು ಪಾಲಿಮರ್ ಮೆಂಬ್ರೇನ್, ಸೆರಾಮಿಕ್ಕಿನಷ್ಟು ಬಿಸಿ, ಖಾರ ತಡೆಯಲ್ಲ. ಕೊನೆಗೆ ಬದಲಾಯಿಸಬೇಕಾಯ್ತು. ರಾತ್ರಿ ಪಾಳಿಯವರಿಗೆ ‘ಇದನ್ನು ಹಾಕಬೇಡಿ’ ಅಂತ ನಾನು ಒಂದು ಮಾತೂ ಹೇಳಿರಲಿಲ್ಲ. ಘಟಕ ನನ್ನದು, ಶೆಡ್ ಅವರದು ಅಂದುಕೊಂಡಿದ್ದೆ.

ಹೊಸ ಮೆಂಬ್ರೇನ್ ಹಾಕಿದ ದಿನ ಮಾಲೀಕರು ಬಂದರು. ಗಾಜಿನ ಲೋಟದಲ್ಲಿ ಹೊರಬಂದ ನೀರು ಹಿಡಿದು ತೋರಿಸಿದೆ. ಕನ್ನಡಿ ಥರ ತಿಳಿ, ಸ್ವಲ್ಪ ಹಳದಿ ಛಾಯೆ ಅಷ್ಟೇ. ಅವರ ಮುಖ ಅರಳಿತು. ‘ನೋಡಮ್ಮಾ, ಇಷ್ಟು ಚೆನ್ನಾಗಿದೆ, ಇನ್ನು ಮೋರಿಗೆ ಬಿಟ್ಟರಾಯ್ತಲ್ವಾ?’

ಇಲ್ಲೇ ಎಲ್ಲರೂ ಮೋಸ ಹೋಗೋದು. ಮೆಂಬ್ರೇನ್ ಹಿಡಿಯೋದು ಹನಿಗಳನ್ನ. ನೀರಲ್ಲಿ ಕರಗಿರೋ ಗ್ಲೈಕಾಲ್, ಅಮೀನ್, ಬ್ಯಾಕ್ಟೀರಿಯಾ ಕೊಲ್ಲೋಕೆ ಹಾಕಿದ ಔಷಧ, ಉಪ್ಪು ಎಲ್ಲ ಆರಾಮಾಗಿ ದಾಟಿ ಬರ್ತವೆ. ಒಳಚರಂಡಿಗೆ ಬಿಡುವ ನೀರಲ್ಲಿ ಎಣ್ಣೆ, ಜಿಡ್ಡು ಲೀಟರಿಗೆ 20 ಮಿಲಿಗ್ರಾಂ ಮೀರಬಾರದು, ಹೊಳೆ ಕೆರೆಗಾದರೆ 10. ಅದರಲ್ಲಿ ನಾವು ಪಾಸಾಗಬಹುದು. ಆದರೆ ಸಿಓಡಿ ಅಂತ ಇನ್ನೊಂದು ಪರೀಕ್ಷೆ ಇದೆ, ನೀರಿನ ಕೊಳೆಯನ್ನು ಪೂರ್ತಿ ಸುಡೋಕೆ ಎಷ್ಟು ಆಮ್ಲಜನಕ ಬೇಕು ಅನ್ನೋ ಲೆಕ್ಕ. ಹೊಳೆಗೆ ಬಿಡೋಕೆ ಅದು 250ರ ಒಳಗಿರಬೇಕು. ಆ ತಿಳಿನೀರಲ್ಲಿ ಅದು ಸಾವಿರಗಳಲ್ಲಿ ಇತ್ತು. ರಿಪೋರ್ಟ್ ತೋರಿಸಿದ ಮೇಲೆ ಮಾಲೀಕರು ಲೋಟ ಕೆಳಗಿಟ್ಟರು. ಈಗ ಆ ನೀರು ಮೊದಲು ಗಾಳಿ ಊದುವ ಟ್ಯಾಂಕಿನ ಜೈವಿಕ ಸಂಸ್ಕರಣೆಗೆ ಹೋಗುತ್ತೆ.

ಇನ್ನು ಒಳಗೆ ಉಳಿದಿದ್ದು. 1000 ಲೀಟರ್ ಕೂಲಂಟ್‌ನಲ್ಲಿ ಎಣ್ಣೆ 50 ಲೀಟರ್ ಅಂದುಕೊಳ್ಳಿ. ಅರ್ಧಕ್ಕರ್ಧ ಎಣ್ಣೆಯಾಗುವಷ್ಟು ಗಟ್ಟಿ ಮಾಡಿದರೆ 100 ಲೀಟರ್ ಕಪ್ಪು ಮಡ್ಡಿ ಉಳಿಯುತ್ತೆ. ಅದು ಮಾಯವಾಗಲ್ಲ. 2016ರ ನಿಯಮದ ಪ್ರಕಾರ ಅದು ಅಪಾಯಕಾರಿ ತ್ಯಾಜ್ಯ. 90 ದಿನಕ್ಕಿಂತ ಹೆಚ್ಚು ಇಟ್ಟುಕೊಳ್ಳೋ ಹಾಗಿಲ್ಲ, ಮಾಲಿನ್ಯ ನಿಯಂತ್ರಣ ಮಂಡಳಿಯ ಅನುಮತಿ ಇರೋರಿಗೇ, ಕಾಗದಪತ್ರದ ಸಮೇತ ಕೊಡಬೇಕು.

ಕಳೆದ ತಿಂಗಳು ಗೇಟಿನ ಹತ್ರ ಟೆಂಪೋದವನೊಬ್ಬ ಬಂದಿದ್ದ. ‘ಅರ್ಧ ರೇಟಿಗೆ ಎತ್ಕೊಂಡ್ ಹೋಗ್ತೀನಿ ಮೇಡಂ, ಬಿಲ್ ಗಿಲ್ ಬೇಡ’ ಅಂದ. ಎಲ್ಲಿಗೆ ಅಂತ ಕೇಳಿದೆ. ನಕ್ಕ. ಮಾಲೀಕರು ನನ್ನ ಮುಖ ನೋಡಿದರು, ನಾನು ಡ್ರಮ್‌ಗಳ ಕಡೆ ನೋಡಿದೆ. ಮೆಂಬ್ರೇನಿಗೆ ಲಕ್ಷಗಟ್ಟಲೆ ಸುರಿದು ಹಿಡಿದಿಟ್ಟ ಎಣ್ಣೆ ಅದು. ‘ಬೇಡ ಸರ್’ ಅಂದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, ಟೆಂಪೋದವನಿಗೆ ಕೈ ಬೀಸಿದರು.

ಈಗ ಡ್ರಮ್ ನಾಲ್ಕಾಗಿದೆ. ಅನುಮತಿ ಇರೋರ ಲಾರಿ ಗುರುವಾರ ಬರುತ್ತೆ. ಅಷ್ಟರಲ್ಲಿ ಇನ್ನೊಂದು ಸೋಮವಾರ ಕಳೀಬೇಕು.