ಮೂರು ಸಲ ತಟ್ಟಿದ ಬಾಗಿಲು



‘ದೇವರ ಕರೆ ಬಂತಂತೆ, ಅದಕ್ಕೇ ಬಡವರ ಸೇವೆಗೆ ನಿಂತರಂತೆ’ ಎಂದು ಮಿಷನ್ ಆಸ್ಪತ್ರೆಗಳ ಹೆಂಗಸರ ಬಗ್ಗೆ ಹೇಳುವುದನ್ನು ನೀವೂ ಕೇಳಿರುತ್ತೀರಿ. ಈ ಕರೆ ಅನ್ನೋದು ಹೇಗಿರುತ್ತೆ? ಆಕಾಶದಿಂದ ದನಿ ಕೇಳಿಸುತ್ತದೋ, ಕನಸು ಬೀಳುತ್ತದೋ? ವೆಲ್ಲೂರಿನ ದೊಡ್ಡ ಆಸ್ಪತ್ರೆ ಕಟ್ಟಿದ ಡಾಕ್ಟರ್ ಐಡಾ ಸ್ಕಡರ್ ಅವರಿಗೆ ಬಂದದ್ದು ಬಾಗಿಲು ತಟ್ಟಿದ ಸದ್ದು, ಅಷ್ಟೆ. ಅದೂ ಒಂದೇ ರಾತ್ರಿ ಮೂರು ಸಲ.

ವೆಲ್ಲೂರೇನು ನಮಗೆ ಪರಊರಲ್ಲ. ಬೆಂಗಳೂರಲ್ಲಿ ರೈಲು ಹತ್ತಿ ಕಾಟ್ಪಾಡಿಯಲ್ಲಿ ಇಳಿದರಾಯಿತು. ಕಾಯಿಲೆ ಕೈಮೀರಿದಾಗ ‘ವೆಲ್ಲೂರಿಗೇ ಕರಕೊಂಡು ಹೋಗಿಬಿಡಿ’ ಅನ್ನುವ ಮಾತು ನಮ್ಮ ಎಷ್ಟೋ ಮನೆಗಳಲ್ಲಿ ಬಂದುಹೋಗಿದೆ.

ಐಡಾ ಹುಟ್ಟಿದ್ದು ಆ ಊರಿನ ಹತ್ತಿರದ ರಾಣಿಪೇಟೆಯಲ್ಲಿ, 1870ರಲ್ಲಿ. ಅಮೆರಿಕದಿಂದ ಬಂದ ಪಾದ್ರಿ ಡಾಕ್ಟರುಗಳ ಮನೆತನ. ಅಜ್ಜನೂ ಅದೇ, ಅಪ್ಪನೂ ಅದೇ. ನಮ್ಮ ಮೈಸೂರು ಸೀಮೆಯನ್ನೂ ಹಿಂಡಿದ 1876-78ರ ಧಾತು ಸಂವತ್ಸರದ ಬರವನ್ನು ಆ ಮಗು ಕಣ್ಣಾರೆ ಕಂಡಿತ್ತು. ಹಸಿದು ಎಲುಬಾದ ಮಕ್ಕಳನ್ನು ಕಂಡ ಹುಡುಗಿಗೆ ಈ ದೇಶದ ಸಹವಾಸವೇ ಬೇಡವೆನಿಸಿತು. ಅಮೆರಿಕದಲ್ಲಿ ಓದಿ, ಅಲ್ಲೇ ಎಲ್ಲರಂತೆ ಸುಖವಾಗಿರೋಣ ಎಂಬ ಆಸೆ. 1890ರಲ್ಲಿ ತಾಯಿಗೆ ಹುಷಾರಿಲ್ಲವೆಂದು ಬಂದದ್ದೂ ಮತ್ತೆ ಹೊರಟುಹೋಗುವ ಮನಸ್ಸಿನಿಂದಲೇ. ನನಗಂತೂ ಈ ಮಾತೇ ಹಿಡಿಸಿತು. ಹುಟ್ಟುತ್ತಲೇ ತ್ಯಾಗಮೂರ್ತಿಗಳಾದವರ ಕಥೆ ಓದಿದರೆ ನಮ್ಮಂಥವರಿಗೆ ದೂರದಿಂದ ಕೈಮುಗಿಯಬೇಕು ಅನಿಸುತ್ತದೆಯೇ ಹೊರತು ಇನ್ನೇನೂ ಅನಿಸುವುದಿಲ್ಲ.

ಆಗ ಅಪ್ಪ ಇದ್ದದ್ದು ತಿಂಡಿವನದಲ್ಲಿ. ಒಂದು ರಾತ್ರಿ ಬ್ರಾಹ್ಮಣ ಗೃಹಸ್ಥರೊಬ್ಬರು ಬಾಗಿಲಿಗೆ ಬಂದರು. ಹೆಂಡತಿಗೆ ಹೆರಿಗೆ ಕಷ್ಟವಾಗಿದೆ, ಸೂಲಗಿತ್ತಿ ಕೈಚೆಲ್ಲಿದ್ದಾಳೆ, ನೀವು ಬನ್ನಿ ಅಂದರು. ನಾನು ಡಾಕ್ಟರಲ್ಲ, ನಮ್ಮ ತಂದೆ ಡಾಕ್ಟರು, ಅವರನ್ನು ಕರೆಯುತ್ತೇನೆ ಅಂದಳು ಐಡಾ. ಪರಗಂಡಸು ಮುಟ್ಟುವುದಕ್ಕಿಂತ ಅವಳು ಸಾಯುವುದೇ ಮೇಲೆಂದು ಅವರು ಹೊರಟೇಹೋದರು. ಸ್ವಲ್ಪ ಹೊತ್ತಿಗೆ ಒಬ್ಬ ಮುಸಲ್ಮಾನರು, ಆಮೇಲೆ ಮೇಲ್ಜಾತಿಯ ಇನ್ನೊಬ್ಬ ಹಿಂದೂ. ಅದೇ ಸಂಕಟ, ಅದೇ ಉತ್ತರ. ಬೆಳಗಾದಾಗ ಊರಲ್ಲಿ ಸಾವಿನ ತಮಟೆ. ಆಳನ್ನು ಕಳಿಸಿ ವಿಚಾರಿಸಿದರೆ, ಮೂವರೂ ತೀರಿಕೊಂಡಿದ್ದರು.

ಆ ಗಂಡಂದಿರನ್ನು ಬೈಯುವುದು ಸುಲಭ ಕಣ್ರೀ. ಆದರೆ ಹೆಂಡತಿ ಬೇಡವಾಗಿದ್ದವನು ಸರಿರಾತ್ರಿಯಲ್ಲಿ ಬಿಳಿಯರ ಮನೆ ಬಾಗಿಲು ತಟ್ಟುತ್ತಾನೆಯೇ? ಉಳಿಸಿಕೊಳ್ಳುವ ಆಸೆಯೇನೋ ಇತ್ತು. ನಾಲ್ಕು ಜನ ಏನಂದಾರೋ ಅನ್ನುವ ಅಂಜಿಕೆ ಅದಕ್ಕಿಂತ ದೊಡ್ಡದಿತ್ತು. ನೋವು ತಿನ್ನುತ್ತಿದ್ದವಳನ್ನು ಮಾತ್ರ ‘ನಿನಗೇನು ಬೇಕಮ್ಮಾ’ ಎಂದು ಯಾರೂ ಕೇಳಲಿಲ್ಲ. ಕಾಯಿಲೆಯನ್ನು ಮುಚ್ಚಿಟ್ಟುಕೊಂಡು, ಡಾಕ್ಟರ ಮುಂದೆ ಬಾಯಿಬಿಡಲಾರದೆ ನರಳುವ ಹೆಂಗಸರು ಇವತ್ತಿಗೂ ನಮ್ಮ ಬೀದಿಯಲ್ಲಿಲ್ಲವೇ, ನೀವೇ ಹೇಳಿ.

ತಾನೇ ಡಾಕ್ಟರಾಗಿ ಬರುತ್ತೇನೆಂದು ಐಡಾ ಅಪ್ಪ-ಅಮ್ಮನಿಗೆ ಹೇಳಿದಳು. 1899ರಲ್ಲಿ ಅಮೆರಿಕದ ಕಾರ್ನೆಲ್ ವೈದ್ಯಕೀಯ ಕಾಲೇಜಿನಿಂದ ಪಾಸಾಗಿ, 1900ರಲ್ಲಿ ವೆಲ್ಲೂರಿಗೆ ಬಂದರು (ಇನ್ನು ಏಕವಚನ ಬೇಡ, ಡಾಕ್ಟರಮ್ಮ ಆದರಲ್ಲ!). ಕೆಲಸ ಕಲಿಸಬೇಕಾಗಿದ್ದ ತಂದೆ ಅದೇ ವರ್ಷ ತೀರಿಕೊಂಡರು. ಒಂದೇ ಹಾಸಿಗೆಯ ಪುಟ್ಟ ದವಾಖಾನೆ. ಶೆಲ್ ಎಂಬ ಅಮೆರಿಕದವರು ತೀರಿಹೋದ ಹೆಂಡತಿ ಮೇರಿ ಟೇಬರ್ ಶೆಲ್ ಅವರ ನೆನಪಿಗೆ 10,000 ಡಾಲರ್ ಕೊಟ್ಟಿದ್ದರು. ಅದರಲ್ಲಿ 1902ಕ್ಕೆ 40 ಹಾಸಿಗೆಯ ಆಸ್ಪತ್ರೆ ಎದ್ದಿತು. ಆಸ್ಪತ್ರೆಗೆ ಬರಲಾರದವರಿಗಾಗಿ ಗುಡಿಯಾತ್ತಂ ರಸ್ತೆಯಲ್ಲಿ ಮರದ ನೆರಳಲ್ಲೇ ಔಷಧಿ ಪೆಟ್ಟಿಗೆ ಬಿಚ್ಚುತ್ತಿದ್ದರು.

ಆದರೂ ಒಬ್ಬ ಡಾಕ್ಟರಮ್ಮ ಎಷ್ಟು ಬಾಗಿಲಿಗೆ ಹೋದಾಳು? ನಮ್ಮ ಹೆಣ್ಣುಮಕ್ಕಳೇ ಕಲಿಯಬೇಕು ಅನ್ನುವುದು ಅವರಿಗೆ ಹೊಳೆದದ್ದು ಇಲ್ಲೇ. 1909ರಲ್ಲಿ ನರ್ಸುಗಳ ಶಾಲೆ, 1918ರಲ್ಲಿ ಹುಡುಗಿಯರಿಗೆಂದೇ ವೈದ್ಯಕೀಯ ಶಾಲೆ. ಹುಡುಗಿಯರು ಇದಕ್ಕೆಲ್ಲ ಬರುತ್ತಾರೆಯೇ ಎಂದು ದೊಡ್ಡ ಅಧಿಕಾರಿಗಳಿಗೇ ನಂಬಿಕೆಯಿರಲಿಲ್ಲ. ಬಂದರು. ಮೊದಲ ತಂಡದ 14 ಮಂದಿ 1922ರಲ್ಲಿ ಡಾಕ್ಟರಾಗಿ ಹೊರಬಿದ್ದರು. ಗಂಡುಹುಡುಗರಿಗೆ ಅಲ್ಲಿ ಪ್ರವೇಶ ಸಿಕ್ಕಿದ್ದು 1947ರಲ್ಲಿ, ಕಾಯಬೇಕಾಯಿತು ಪಾಪ!

ಐಡಾ ಮದುವೆಯಾಗಲಿಲ್ಲ. 1960ರಲ್ಲಿ, 89ನೆಯ ವಯಸ್ಸಿನಲ್ಲಿ, ಕೊಡೈಕನಾಲಿನಲ್ಲಿ ಕಣ್ಣುಮುಚ್ಚಿದರು. ಹೆಂಗಸರಿಗೆಂದು ಕಟ್ಟಿಸಿದ ಆ ಮೊದಲ ಆಸ್ಪತ್ರೆ ಈಗ ಕಣ್ಣಿನ ಆಸ್ಪತ್ರೆಯಾಗಿದೆ. ವೆಲ್ಲೂರಿಗೆ ಹೋದಾಗ ‘ಶೆಲ್ ಆಸ್ಪತ್ರೆ’ ಎಂದು ಕೇಳಿ, ತೋರಿಸುತ್ತಾರೆ.