ಅಭಿಮಾನದ ಚಿತ್ರಕ್ಕೂ ಒಂದು ಹೆಸರು-ವಿಳಾಸ ಇರಲಿ

ಸದಾಶಿವ ಪೇಠ (ಪುಣೆ): ಸಿನಿಮಾ ತೆರೆಗೆ ಬರುವ ಮೊದಲೇ ಅದರ ಹೆಸರಿನಲ್ಲಿ ಒಂದು ವಿವಾದ ಮನೆಮನೆಗೆ ತಲುಪುವ ಕಾಲ ಇದು. 2025ರ ಸೆಪ್ಟೆಂಬರಿನಲ್ಲಿ, ‘ಕಾಂತಾರ: ಚಾಪ್ಟರ್ 1’ ಬಿಡುಗಡೆಗೆ ಕೆಲವೇ ದಿನಗಳಿದ್ದಾಗ, ಒಂದು ಪೋಸ್ಟರ್ ಮೊಬೈಲಿನಿಂದ ಮೊಬೈಲಿಗೆ ಹರಿದಾಡಿತು. ಚಿತ್ರ ನೋಡುವ ತನಕ ಮದ್ಯ, ಧೂಮಪಾನ, ಮಾಂಸಾಹಾರ ತ್ಯಜಿಸಬೇಕೆಂದು ಅದರಲ್ಲಿ ಪ್ರೇಕ್ಷಕರನ್ನು ಕೋರಲಾಗಿತ್ತು. ಇದು ಚಿತ್ರತಂಡದ್ದೇ ಪ್ರಕಟಣೆ ಎಂದು ನಂಬಿದವರೂ ಇದ್ದರು. ಕೊನೆಗೆ ನಟ-ನಿರ್ದೇಶಕ ರಿಷಬ್ ಶೆಟ್ಟಿ ಅವರೇ ಟ್ರೈಲರ್ ಬಿಡುಗಡೆಯ ಸಂದರ್ಭದಲ್ಲಿ, ಅದು ತಮ್ಮ ಸಂಸ್ಥೆಯದ್ದಲ್ಲ, ಇನ್ನೊಬ್ಬರ ಆಹಾರ ಪದ್ಧತಿಯನ್ನು ಪ್ರಶ್ನಿಸುವ ಹಕ್ಕು ಯಾರಿಗೂ ಇಲ್ಲ ಎಂದು ಸ್ಪಷ್ಟಪಡಿಸಬೇಕಾಯಿತು.

ಆ ಪೋಸ್ಟರ್ ಮಾಡಿದವರು ಭಕ್ತಿಯಿಂದ ಮಾಡಿದರೋ, ಕಿಡಿಗೇಡಿತನದಿಂದ ಮಾಡಿದರೋ, ಅದನ್ನು ನೋಡಿ ಹೇಳುವಂತಿರಲಿಲ್ಲ. ಅದರ ಮೇಲೆ ಮಾಡಿದವರ ಹೆಸರಿರಲಿಲ್ಲ. ಆದರೆ ಪರಿಣಾಮಕ್ಕೆ ಉತ್ತರ ಕೊಡಬೇಕಾದವರು ಮಾತ್ರ ಹೆಸರು ಇದ್ದವರು. ಕರಾವಳಿ ಮೂಲದ ತುಳು-ಕನ್ನಡಿಗರು ಬಹುಸಂಖ್ಯೆಯಲ್ಲಿ ನೆಲೆಸಿರುವ ಪುಣೆಯಂತಹ ನಗರದಲ್ಲಿ ಈ ವಿಷಯ ಕೇವಲ ಸಿನಿಮಾ ಸುದ್ದಿಯಾಗಿ ಉಳಿಯುವುದಿಲ್ಲ.

ಹೊಸ್ತಿಲಲ್ಲಿ ನಿಂತ ಚಿತ್ರಗಳು

ಪೋಸ್ಟರ್, ಕರಪತ್ರ, ಹಾಡಿನ ಪುಸ್ತಕ, ಟ್ರೈಲರ್, ಕಟೌಟ್, ಅಭಿಮಾನಿ ಬರೆದ ಚಿತ್ರ, ಮೊಬೈಲಿನಲ್ಲಿ ಮಾಡಿದ ತುಣುಕು ಇವೆಲ್ಲವನ್ನೂ ವಿದ್ವಾಂಸರು ಒಟ್ಟಾಗಿ ‘ಪ್ಯಾರಾಟೆಕ್ಸ್ಟ್’ ಎಂದು ಕರೆಯುತ್ತಾರೆ. ಫ್ರಾನ್ಸಿನ ಜೆರಾರ್ ಜೆನೆಟ್ ಪುಸ್ತಕಗಳ ಮುಖಪುಟ, ಮುನ್ನುಡಿ ಮುಂತಾದವನ್ನು ಕುರಿತು 1987ರಲ್ಲಿ ಬರೆದ ಗ್ರಂಥದ ಹೆಸರಿನ ಅರ್ಥವೇ ‘ಹೊಸ್ತಿಲುಗಳು’. ಓದುಗ ಹೊಸ್ತಿಲು ದಾಟಿಯೇ ಒಳಗೆ ಹೋಗಬೇಕು ಎಂಬುದು ಅವರ ವಿಚಾರ. ಜೊನಾಥನ್ ಗ್ರೇ 2010ರಲ್ಲಿ ಇದನ್ನೇ ಸಿನಿಮಾ ಮತ್ತು ಟಿ.ವಿ.ಗೆ ಅನ್ವಯಿಸಿ, ಪ್ರೇಕ್ಷಕರೇ ತಯಾರಿಸುವ ಸಾಮಗ್ರಿಗೂ ಅಷ್ಟೇ ಮಹತ್ವ ಕೊಟ್ಟರು. ಚಿತ್ರ ನೋಡುವ ಮುನ್ನವೇ ಅದರ ಅರ್ಥವನ್ನು ನಾವು ಅರ್ಧ ತೀರ್ಮಾನಿಸಿರುತ್ತೇವೆ ಎಂಬುದು ಈ ಅಧ್ಯಯನಗಳ ತಿರುಳು.

ಹೊರನಾಡ ಕನ್ನಡಿಗರಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ. ಕನ್ನಡ ಚಿತ್ರ ಊರಿನಷ್ಟು ಸುಲಭವಾಗಿ ಸಿಗದ ಕಡೆ ಸಿನಿಮಾಕ್ಕಿಂತ ಮೊದಲು ಬರುತ್ತಿದ್ದದ್ದು ಅದರ ಸುತ್ತಲಿನ ಕಾಗದ. ಊರಿಗೆ ಹೋಗಿ ಬಂದವರ ಚೀಲದಲ್ಲಿ ಹಾಡಿನ ಪುಸ್ತಕ, ವಾರಪತ್ರಿಕೆಯ ನಡುಪುಟದ ಬಣ್ಣದ ಚಿತ್ರ. ಹಾಡಿನ ಪುಸ್ತಕದಲ್ಲಿ ಕಥಾ ಸಾರಾಂಶ ಅರ್ಧಕ್ಕೆ ನಿಂತು, ಮುಂದಿನದನ್ನು ಬೆಳ್ಳಿತೆರೆಯ ಮೇಲೆ ನೋಡಿರೆಂದು ಮುಗಿಯುತ್ತಿತ್ತು. ಬೆಳ್ಳಿತೆರೆ ಎಟುಕದವರು ಉಳಿದರ್ಧವನ್ನು ತಾವೇ ಊಹಿಸಿಕೊಳ್ಳಬೇಕಿತ್ತು.

ಮೂಲ ಹೋಯಿತು, ಕಾಗದ ಉಳಿಯಿತು

ಈ ಕಾಗದಕ್ಕೆ ಬೆಲೆ ಬರುವುದು ಚಿತ್ರವೇ ಇಲ್ಲವಾದಾಗ. ಕನ್ನಡದ ಮೊದಲ ವಾಕ್ಚಿತ್ರ ‘ಸತಿ ಸುಲೋಚನ’ 1934ರ ಮಾರ್ಚ್ 3ರಂದು ಬೆಂಗಳೂರಿನಲ್ಲಿ ತೆರೆ ಕಂಡಿತು. ವೈ.ವಿ. ರಾವ್ ನಿರ್ದೇಶಿಸಿ, ಸುಬ್ಬಯ್ಯ ನಾಯ್ಡು, ತ್ರಿಪುರಾಂಬ, ಆರ್. ನಾಗೇಂದ್ರರಾಯರು ನಟಿಸಿದ ಈ ಚಿತ್ರ ತಯಾರಾದದ್ದು ಮಹಾರಾಷ್ಟ್ರದಲ್ಲಿ, ಕೊಲ್ಹಾಪುರದ ಛತ್ರಪತಿ ಸ್ಟುಡಿಯೋದಲ್ಲಿ. ಇಂದು ಅದರ ಪ್ರತಿ ಎಲ್ಲಿಯೂ ಲಭ್ಯವಿಲ್ಲ. ಸ್ಥಿರಚಿತ್ರಗಳು, ನೆನಪಿನ ಬರಹಗಳು, ಇತರ ಕಾಗದಪತ್ರಗಳ ಆಧಾರದ ಮೇಲೆಯೇ ನಾವು ಅದರ ಬಗ್ಗೆ ಮಾತನಾಡುತ್ತಿದ್ದೇವೆ.

ಪುಣೆಗೂ ಇಂತಹ ನಷ್ಟದ ಅನುಭವವಿದೆ. 2003ರ ಜನವರಿ 8ರಂದು ಇಲ್ಲಿನ ಫಿಲ್ಮ್ ಇನ್‌ಸ್ಟಿಟ್ಯೂಟ್ ಆವರಣದ ಉಗ್ರಾಣದಲ್ಲಿ ಬೆಂಕಿ ಬಿದ್ದು, ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯಕ್ಕೆ ಸೇರಿದ ಹಳೆಯ ನೈಟ್ರೇಟ್ ಫಿಲ್ಮುಗಳು ಸುಟ್ಟುಹೋದವು. 1964ರಲ್ಲಿ ಸ್ಥಾಪನೆಯಾಗಿ, 2022ರಲ್ಲಿ ಎನ್.ಎಫ್.ಡಿ.ಸಿ.ಯಲ್ಲಿ ವಿಲೀನಗೊಂಡ ಈ ಸಂಗ್ರಹಾಲಯ ಸದಾಶಿವ ಪೇಠದಿಂದ ನದಿ ದಾಟಿದರೆ ಲಾ ಕಾಲೇಜ್ ರಸ್ತೆಯಲ್ಲಿದೆ. ಅದನ್ನು ಕಟ್ಟಿ ಬೆಳೆಸಿದ ಪಿ.ಕೆ. ನಾಯರ್ ಅವರು 2016ರಲ್ಲಿ ಇದೇ ನಗರದಲ್ಲಿ ನಿಧನರಾದರು. ಅಲ್ಲಿ ಫಿಲ್ಮುಗಳ ಜೊತೆಗೆ ಪೋಸ್ಟರ್, ಸ್ಥಿರಚಿತ್ರ, ಹಾಡಿನ ಪುಸ್ತಕಗಳನ್ನೂ ಕಾಪಾಡಲಾಗುತ್ತಿದೆ ಎಂಬುದು ಗಮನಾರ್ಹ.

ಸದಾಶಿವ ಪೇಠಕ್ಕೂ ಕಾಗದದ ಬೆಲೆ ಚೆನ್ನಾಗಿ ಗೊತ್ತು. ವಿಷ್ಣುಶಾಸ್ತ್ರಿ ಚಿಪಳೂಣಕರರು 1878ರಲ್ಲಿ ಆರಂಭಿಸಿದ ಚಿತ್ರಶಾಲಾ ಪ್ರೆಸ್ ದೇವರ, ಪೇಶ್ವೆ ಕಾಲದ ಪುರುಷರ ಬಣ್ಣದ ಚಿತ್ರಗಳನ್ನು ಅಚ್ಚು ಹಾಕಿ ಸಾಮಾನ್ಯರ ಗೋಡೆಗೆ ತಲುಪಿಸಿತು. ಅದರ ನೆನಪು ಇಂದಿಗೂ ಚಿತ್ರಶಾಲಾ ಚೌಕದ ಹೆಸರಿನಲ್ಲಿದೆ. ಇದೇ ಪೇಠದಲ್ಲಿರುವ ಭಾರತ ಇತಿಹಾಸ ಸಂಶೋಧಕ ಮಂಡಳವನ್ನು 1910ರಲ್ಲಿ ಸ್ಥಾಪಿಸಿದವರಲ್ಲಿ ಒಬ್ಬರಾದ ವಿ.ಕಾ. ರಾಜವಾಡೆ ಅವರು ಊರೂರು ಅಲೆದು ಹಳೆಯ ಕಾಗದಪತ್ರ ಸಂಗ್ರಹಿಸಿ, 22 ಸಂಪುಟಗಳಲ್ಲಿ ಮರಾಠರ ಇತಿಹಾಸದ ಸಾಧನಗಳನ್ನು ಪ್ರಕಟಿಸಿದರು. ಮನೆಯವರಿಗೆ ಅದು ರದ್ದಿ. ರಾಜವಾಡೆ ಅವರಿಗೆ ಅದು ದಾಖಲೆ. ಕಾರಣ, ಪ್ರತಿ ಪತ್ರದಲ್ಲೂ ಯಾರು ಯಾರಿಗೆ, ಯಾವಾಗ ಬರೆದರೆಂಬುದಕ್ಕೆ ಏನಾದರೊಂದು ಸುಳಿವು ಸಿಗುತ್ತಿತ್ತು.

ಅಭಿಮಾನದ ಎರಡು ಮುಖ

ಕನ್ನಡದ ಅಭಿಮಾನಿಗಳು ಮಾಡಿದ ಕಲೆ ಕಡಿಮೆಯದ್ದೇನಲ್ಲ. 1980ರ ‘ಆಟೋ ರಾಜ’ ಚಿತ್ರದ ನಂತರ ಶಂಕರನಾಗ್ ಅವರ ಮುಖ ಆಟೋಗಳ ಹಿಂಬದಿಗೆ ಏರಿತು. 1990ರ ಸೆಪ್ಟೆಂಬರ್ 30ರಂದು ಅವರು ಅಪಘಾತದಲ್ಲಿ ತೀರಿಕೊಂಡ ಮೇಲೂ ಅದು ಇಳಿಯಲಿಲ್ಲ. ಯಾವ ನಿರ್ಮಾಪಕರೂ ಅದಕ್ಕೆ ಹಣ ಕೊಟ್ಟವರಲ್ಲ. ಪುಣೆಯ ಚಾಪೇಕರ ಸಹೋದರರ ಕುರಿತ ಮರಾಠಿ ಚಿತ್ರ ‘22 ಜೂನ್ 1897’ರ ಚಿತ್ರಕಥೆಯಲ್ಲಿ ಇದೇ ಶಂಕರನಾಗ್ ಕೈಯಿತ್ತು ಎಂಬುದು ಇಲ್ಲಿನ ಹೊಸ ಪೀಳಿಗೆಗೆ ತಿಳಿದಿರಲಿಕ್ಕಿಲ್ಲ. ಪುನೀತ್ ರಾಜ್‌ಕುಮಾರ್ 2021ರ ಅಕ್ಟೋಬರ್ 29ರಂದು ಅಗಲಿದ ನಂತರ ಗೋಡೆಗಳ ಮೇಲೆ ಅವರ ಭಾವಚಿತ್ರಗಳು ಮೂಡಿದವು. 2022ರ ಗಣೇಶ ಹಬ್ಬದಲ್ಲಿ ಗಣಪನ ಜೊತೆ ‘ಅಪ್ಪು’ ಇರುವ ಮೂರ್ತಿಗಳು ಬಂದವು. ಮಂಡಳಗಳ ದೇಖಾವೆಗಳನ್ನು ನೋಡಿ ಬೆಳೆದ ಪುಣೆಕರರಿಗೆ ಇದು ಬೇಗ ಅರ್ಥವಾಗುತ್ತದೆ.

ಇನ್ನೊಂದು ಮುಖ ಕಠೋರವಾದುದು. 2024ರ ಜನವರಿ 8ರ ಯಶ್ ಹುಟ್ಟುಹಬ್ಬಕ್ಕಾಗಿ ಗದಗ ಜಿಲ್ಲೆಯ ಸೂರಣಗಿ ಗ್ರಾಮದಲ್ಲಿ ರಾತ್ರಿ ಕಟೌಟ್ ನಿಲ್ಲಿಸುತ್ತಿದ್ದಾಗ ವಿದ್ಯುತ್ ತಗುಲಿ ಮೂವರು ಯುವಕರು ಪ್ರಾಣ ಕಳೆದುಕೊಂಡರು. ನೊಂದ ಕುಟುಂಬಗಳನ್ನು ಕಾಣಲು ಬಂದ ಯಶ್, ಬ್ಯಾನರ್-ಕಟೌಟುಗಳ ಅಭಿಮಾನ ಬೇಡವೆಂದು ಕೈಮುಗಿದರು. 2025ರ ಅಕ್ಟೋಬರ್ 2ರಂದು ‘ಕಾಂತಾರ: ಚಾಪ್ಟರ್ 1’ ಬಿಡುಗಡೆಯಾದ ಬಳಿಕ ಚಿತ್ರಮಂದಿರಗಳಿಗೆ ದೈವದ ವೇಷ ಹಾಕಿಕೊಂಡು ಬಂದವರ ದೃಶ್ಯಗಳು ಹರಿದಾಡಿದಾಗ, ದೈವಾರಾಧಕರಿಗೆ ನೋವಾಯಿತು. ದೈವಗಳ ಅನುಕರಣೆ ಮಾಡಬಾರದೆಂದು ಹೊಂಬಾಳೆ ಸಂಸ್ಥೆಯೇ ಮನವಿ ಮಾಡಿತು. ವೇಷ ಹಾಕಿದವರಿಗೆ ಅದು ಸಿನಿಮಾದ ಮುಂದುವರಿಕೆ, ದೈವ ಕಟ್ಟುವ ಮನೆತನಗಳಿಗೆ ಅದು ತಲೆಮಾರುಗಳಿಂದ ಬಂದ ಆಚರಣೆ. ನಡುವಿನ ಹೊಸ್ತಿಲು ಅಳಿಸಿಹೋದಾಗ ಇಂತಹ ಸಂಘರ್ಷ ಅನಿವಾರ್ಯ.

ಹೊಣೆ ಯಾರದು?

ಹಿಂದೆ ಅಭಿಮಾನಿ ಸಂಘದ ಕರಪತ್ರದ ಕೆಳಗೆ ಸಂಘದ ಹೆಸರು, ಮುದ್ರಣಾಲಯದ ಹೆಸರು ಇರುವುದು ವಾಡಿಕೆ. ಇದು ಬರೀ ಶಿಷ್ಟಾಚಾರವಲ್ಲ. ಅಚ್ಚಾದ ಪುಸ್ತಕ, ಕಾಗದಗಳ ಮೇಲೆ ಮುದ್ರಕನ ಹೆಸರು ಮತ್ತು ಸ್ಥಳ ಇರಬೇಕೆಂದು 1867ರ ಮುದ್ರಣಾಲಯ ಮತ್ತು ಪುಸ್ತಕ ನೋಂದಣಿ ಕಾಯ್ದೆ ವಿಧಿಸಿತ್ತು. ಬ್ರಿಟಿಷರು ಅದನ್ನು ತಂದದ್ದು ಮುದ್ರಣದ ಮೇಲೆ ಕಣ್ಣಿಡಲು. ಆದರೆ ಅದೇ ಸಾಲು ಇಂದಿನ ಸಂಶೋಧಕರಿಗೆ ಊರು, ಪ್ರೆಸ್ಸುಗಳ ಸುಳಿವು ಕೊಡುತ್ತಿದೆ. 2024ರ ಮಾರ್ಚ್ 1ರಿಂದ ಜಾರಿಗೆ ಬಂದ ಹೊಸ ಕಾಯ್ದೆ ನಿಯತಕಾಲಿಕಗಳಿಗೆ ಸಂಬಂಧಿಸಿದ್ದು. ಮೊಬೈಲಿನಲ್ಲಿ ಹತ್ತು ನಿಮಿಷದಲ್ಲಿ ತಯಾರಾಗುವ ಪೋಸ್ಟರಿಗೆ ಪ್ರೆಸ್ಸೂ ಇಲ್ಲ, ಪ್ರೆಸ್ಸಿನ ಸಾಲೂ ಇಲ್ಲ. ಸಹಿ ಇಲ್ಲದ ಚೆಕ್ಕನ್ನು ಯಾವ ಬ್ಯಾಂಕೂ ಪಾಸು ಮಾಡುವುದಿಲ್ಲ. ಹೆಸರಿಲ್ಲದ ಪೋಸ್ಟರನ್ನು ಮಾತ್ರ ನಾವೆಲ್ಲ ಕಣ್ಣುಮುಚ್ಚಿ ಮುಂದಕ್ಕೆ ಕಳುಹಿಸುತ್ತೇವೆ.

ಇದಕ್ಕೆ ಕಾನೂನಿನ ದಾರಿ ಕಾಯುವ ಅಗತ್ಯವಿಲ್ಲ. ಸಂಘ-ಸಂಸ್ಥೆಗಳ ವಾಟ್ಸಾಪ್ ಗುಂಪುಗಳಲ್ಲಿ ಸಿನಿಮಾ ಪೋಸ್ಟರ್ ಹಂಚುವವರು ಅದು ಚಿತ್ರತಂಡದ್ದೋ, ಅಭಿಮಾನಿಯದ್ದೋ ಎಂದು ಒಂದು ಸಾಲು ಬರೆಯಲಿ. ತಿಳಿಯದಿದ್ದರೆ ಹಂಚದಿರಲಿ. ಸ್ವತಃ ಚಿತ್ರ ಬಿಡಿಸುವ ಯುವಕ-ಯುವತಿಯರು ಮೂಲೆಯಲ್ಲಿ ತಮ್ಮ ಹೆಸರು, ಊರು, ದಿನಾಂಕ ಹಾಕಲಿ. ಮನೆಯ ಅಟ್ಟದಲ್ಲಿ ಹಾಡಿನ ಪುಸ್ತಕ, ಕರಪತ್ರ, ಹಳೆಯ ಪೋಸ್ಟರ್ ಉಳಿಸಿಕೊಂಡ ಹಿರಿಯರು ಅದನ್ನು ದೀಪಾವಳಿಯ ಸ್ವಚ್ಛತೆಯಲ್ಲಿ ರದ್ದಿಯವನಿಗೆ ತೂಗಿ ಕೊಡುವ ಮುನ್ನ ಸಂಘದ ಕಚೇರಿಗೆ ತಿಳಿಸಲಿ. ರಾಜ್ಯೋತ್ಸವದ ದಿನ ಸಭಾಂಗಣದ ಹೊರಗೆ ಎರಡು ಮೇಜು ಹಾಕಿ ಇವನ್ನು ಪ್ರದರ್ಶಿಸಿದರೆ ದೊಡ್ಡ ಖರ್ಚೇನೂ ಬಾರದು. ಪ್ರತಿಯೊಂದರ ಬದಿಯಲ್ಲಿ ಯಾರು ತಂದದ್ದು, ಯಾವ ಊರಿನಿಂದ, ಯಾವ ವರ್ಷ ಎಂಬ ಚೀಟಿ ಇರಲಿ. ಕೊಲ್ಹಾಪುರದಲ್ಲಿ ತಯಾರಾದ ಮೊದಲ ಕನ್ನಡ ವಾಕ್ಚಿತ್ರವನ್ನು ಕಳೆದುಕೊಂಡ ನಾವು, ಅದರ ನಂತರದವುಗಳ ಕಾಗದವನ್ನಾದರೂ ಉಳಿಸಿಕೊಳ್ಳಬೇಕಾಗಿದೆ.