ರಸ್ತೆ ತಪಾಸಣೆ, ವೇಗದ ದಂಡ ಮತ್ತು ನಮ್ಮ ಬೆಳೆಗಾರರು



ಅಡಿಕೆ ಕೊಯ್ಲು ಆರಂಭವಾಯಿತೆಂದರೆ ಸಂಘದ ಕಚೇರಿಗೆ ಬರುವ ಸದಸ್ಯರ ಬಾಯಲ್ಲಿ ಮೊದಲು ಬರುವುದು ಧಾರಣೆಯ ಮಾತು. ಈಚಿನ ವರ್ಷಗಳಲ್ಲಿ ಅದರ ಬೆನ್ನಿಗೇ ಇನ್ನೊಂದು ಮಾತು ಬರುತ್ತಿದೆ. "ಸೆಕ್ರೆಟರಿ ಸಾಹೇಬ್ರ, ಹೈವೇದಾಗ ಗಾಡಿ ಹಿಡಿದ್ರು ನೋಡ್ರಿ, ಸ್ಪೀಡ್ ಅಂತ ಸಾವಿರ ರೂಪಾಯಿ ಹಾಕ್ಯಾರ." ಹಾವೇರಿ, ರಾಣೆಬೆನ್ನೂರುಗಳ ಪಕ್ಕದಲ್ಲೇ ಹಾದುಹೋಗುವ, ನಾವು ಇಂದಿಗೂ ಪಿ.ಬಿ. ರಸ್ತೆಯೆಂದೇ ಕರೆಯುವ ರಾಷ್ಟ್ರೀಯ ಹೆದ್ದಾರಿ 48ನ್ನು ಬಿಟ್ಟು ನಮ್ಮ ವ್ಯವಹಾರ ನಡೆಯದು. ಬ್ಯಾಡಗಿಯವರೂ ಮೋಟೆಬೆನ್ನೂರಿಗೆ ಬಂದು ಅದನ್ನೇ ಹತ್ತಬೇಕು. ಮಲೆನಾಡಿನ ಕಡೆಯ ನಮ್ಮ ಕಾಫಿ ಬೆಳೆಗಾರ ಸದಸ್ಯರು ಹುಬ್ಬಳ್ಳಿಗೆ ಹೊರಟರೂ ದಾರಿ ಇದೇ.

ಗಾಡಿ ಹಿಡಿದಾಗ ನಮ್ಮವರು ಮಾಡುವುದೇನು? ಕೆಲವರು ನಡುರಸ್ತೆಯಲ್ಲೇ ವಾದಕ್ಕೆ ನಿಲ್ಲುತ್ತಾರೆ. ಕೆಲವರು ಪರಿಚಯದ ಮುಖಂಡರಿಗೆ ಫೋನು ಹಚ್ಚುತ್ತಾರೆ. ಇನ್ನು ಕೆಲವರು ಇನ್ನೂರರ ನೋಟು ಮಡಚಿ ಕೈಗಿಟ್ಟು ರಸೀದಿ ಕೇಳದೆ ಹೊರಡುತ್ತಾರೆ. ಬಹುಮಂದಿ ಮಾತ್ರ, ತಪ್ಪಿರಲಿ ಇಲ್ಲದಿರಲಿ, "ಯಾರು ಕೋರ್ಟಿಗೆ ಅಲೀತಾರ್ರೀ" ಎಂದು ದಂಡ ಕಟ್ಟಿ ಮರೆತುಬಿಡುತ್ತಾರೆ. ಲಂಚದ ದಾರಿ ಕೊಡುವವನಿಗೂ ಅಪರಾಧವೇ ಆದ್ದರಿಂದ ಅದರ ಬಗ್ಗೆ ಹೆಚ್ಚು ಬರೆಯುವ ಅಗತ್ಯವಿಲ್ಲ. ನಾನು ಬರೆಯಹೊರಟಿರುವುದು ಸುಮ್ಮನೆ ಕಟ್ಟಿ ಮರೆಯುವ ಸಜ್ಜನರ ಬಗ್ಗೆ. ಮಾಡದ ತಪ್ಪಿಗೆ ದಂಡ ಕಟ್ಟುವುದು ಉದಾರತನವಲ್ಲ. ಅದರ ನಷ್ಟ ಸಾವಿರ ರೂಪಾಯಿಗೆ ನಿಲ್ಲುವುದೂ ಇಲ್ಲ.

ಅದಕ್ಕೆ ಮೊದಲು ಹಲವರಿಗೆ ರುಚಿಸದ ಒಂದು ಮಾತನ್ನು ಹೇಳಬೇಕಾಗಿದೆ. ವೇಗದ ತಪಾಸಣೆಯೆಲ್ಲ ಕಿರುಕುಳ ಎಂಬ ಭಾವನೆ ಸರಿಯಲ್ಲ. 2024ರ ಜೂನ್ 28ರ ಬೆಳಗಿನ ಜಾವ ಬ್ಯಾಡಗಿ ತಾಲ್ಲೂಕಿನ ಗುಂಡೇನಹಳ್ಳಿ ಕ್ರಾಸಿನಲ್ಲಿ, ನಿಂತಿದ್ದ ಲಾರಿಗೆ ಟೆಂಪೋ ಟ್ರಾವೆಲರ್ ಅಪ್ಪಳಿಸಿ ಭದ್ರಾವತಿ ತಾಲ್ಲೂಕಿನ ಎಮ್ಮೆಹಟ್ಟಿಯ ಕಡೆಯ 13 ಮಂದಿ ಯಾತ್ರಿಕರು ತೀರಿಕೊಂಡರು. ದೇವರ ದರ್ಶನ ಮುಗಿಸಿ ಊರಿಗೆ ಮರಳುತ್ತಿದ್ದ ಜನ. ಆ ರಸ್ತೆಯಲ್ಲಿ ಓಡಾಡುವ ನಮಗೆ ಯಾರೂ ಉಪದೇಶ ಮಾಡಬೇಕಾಗಿಲ್ಲ. ವೇಗ ಮೀರಿದ್ದು ನಿಜವಾಗಿದ್ದರೆ ದಂಡ ಕಟ್ಟಿ, ರಸೀದಿ ಪಡೆದು, ಮುಂದೆ ನಿಧಾನವಾಗಿ ಹೋಗುವುದೇ ಮರ್ಯಾದೆ.

ಆದರೆ ವೇಗ ಮೀರಿದ್ದು ನಿಜವೇ ಎಂದು ತಿಳಿಯಬೇಕಾದರೆ ಮಿತಿ ಎಷ್ಟೆಂಬುದು ಗೊತ್ತಿರಬೇಕಲ್ಲವೇ? ನಮ್ಮಲ್ಲಿ ದೊಡ್ಡ ತಪ್ಪುತಿಳಿವಳಿಕೆ ಇರುವುದು ಇಲ್ಲಿಯೇ. ಕೇಂದ್ರ ಸರ್ಕಾರದ 2018ರ ಏಪ್ರಿಲ್ ಅಧಿಸೂಚನೆಯ ಪ್ರಕಾರ ವಿಭಜಕವಿರುವ ಚತುಷ್ಪಥ ರಸ್ತೆಯಲ್ಲಿ ಕಾರಿಗೆ ಗಂಟೆಗೆ ಗರಿಷ್ಠ 100 ಕಿ.ಮೀ., ಸರಕು ವಾಹನಕ್ಕೆ 80, ಮೋಟಾರ್ ಸೈಕಲ್ಲಿಗೂ 80. ಊರೊಳಗಿನ ಮತ್ತು ಇತರ ರಸ್ತೆಗಳಲ್ಲಿ ಕಾರಿಗೆ 70, ಸರಕು ವಾಹನ ಹಾಗೂ ಬೈಕಿಗೆ 60. ಅಡಿಕೆ ಚೀಲ ಹೇರುವ ಪಿಕಪ್ಪು, ಟಾಟಾ ಏಸ್‌ಗಳು ಕಾರಿನಷ್ಟೇ ಸಲೀಸಾಗಿ ಓಡುತ್ತವೆ. ಆದರೆ ನೋಂದಣಿ ಪತ್ರದಲ್ಲಿ ಅವು ಸರಕು ವಾಹನಗಳು. "ಕಾರು ನೂರರಲ್ಲಿ ಹೋದರೆ ಸುಮ್ಮನಿದ್ದು ನಮ್ಮ ಪಿಕಪ್ಪನ್ನು ತೊಂಬತ್ತಕ್ಕೇ ಹಿಡಿದರು" ಎಂದು ಸಿಟ್ಟಿನಿಂದ ಬಂದ ಸದಸ್ಯರೊಬ್ಬರಿಗೆ ಇದನ್ನು ತೋರಿಸಿದಾಗ ಅವರು ಮಾತಿಲ್ಲದೆ ಚಹಾ ಕುಡಿದು ಹೋದರು. ಇವು ಗರಿಷ್ಠ ಮಿತಿಗಳು. ಸ್ಥಳಕ್ಕನುಗುಣವಾಗಿ ಇವನ್ನು ಇಳಿಸುವ ಅಧಿಕಾರ ರಾಜ್ಯ ಸರ್ಕಾರಕ್ಕಿದೆ. ಆದರೆ 1988ರ ಮೋಟಾರು ವಾಹನ ಕಾಯಿದೆಯ 112ನೇ ಕಲಮಿನಂತೆ ಅದಕ್ಕೆ ಗೆಜೆಟ್ ಅಧಿಸೂಚನೆಯೂ ಬೇಕು, ರಸ್ತೆಯಲ್ಲಿ ಫಲಕವೂ ಇರಬೇಕು.

ಗಾಡಿ ನಿಲ್ಲಿಸಲು ಹೇಳಿದಾಗ ಎಡಕ್ಕೆ ತೆಗೆದು ನಿಲ್ಲಿಸಿ. ತಪ್ಪಿಸಿಕೊಂಡು ಹೋಗುವುದು ಬೇಡವೇ ಬೇಡ. ಸಮವಸ್ತ್ರದಲ್ಲಿರುವ ಅಧಿಕಾರಿ ಕೇಳಿದರೆ ಚಾಲನಾ ಪರವಾನಗಿ ತೋರಿಸುವುದು ಕಾಯಿದೆಯಂತೆ ನಮ್ಮ ಕರ್ತವ್ಯ. ಕಾಗದಗಳು ಮನೆಯಲ್ಲಿದ್ದರೂ ಮೊಬೈಲಿನ ಡಿಜಿಲಾಕರ್ ಅಥವಾ ಎಂ-ಪರಿವಾಹನ್‌ನಲ್ಲಿ ತೋರಿಸಬಹುದು; 2018ರಿಂದ ಅದಕ್ಕೆ ಮಾನ್ಯತೆಯಿದೆ. ಪೊಲೀಸರಿಗೂ ಕಟ್ಟುಪಾಡುಗಳಿವೆ. 2025ರ ಮೇ ತಿಂಗಳಲ್ಲಿ ಮಂಡ್ಯದಲ್ಲಿ, ನಾಯಿ ಕಚ್ಚಿದ ಮಗುವನ್ನು ಆಸ್ಪತ್ರೆಗೆ ಒಯ್ಯುತ್ತಿದ್ದ ತಂದೆತಾಯಿಯ ಬೈಕನ್ನು ತಪಾಸಣೆಗೆ ತಡೆದಾಗ ಬೈಕು ಉರುಳಿ, ಮೂರು ವರ್ಷದ ಆ ಹೆಣ್ಣುಮಗು ಲಾರಿಯಡಿ ಸಿಕ್ಕಿ ಸತ್ತಿತು. ಇಡೀ ರಾಜ್ಯ ಮರುಗಿದ ಆ ಘಟನೆಯ ನಂತರ ಪೊಲೀಸ್ ಮಹಾನಿರ್ದೇಶಕರ ಕಚೇರಿಯಿಂದ ಸೂಚನೆಗಳು ಹೊರಟವು. ಕಣ್ಣಿಗೆ ಕಾಣುವ ಉಲ್ಲಂಘನೆ ಇಲ್ಲದೆ ಬರೀ ಕಾಗದ ನೋಡಲು ಗಾಡಿ ತಡೆಯಬಾರದು, ಓಡುವ ಗಾಡಿಗೆ ಏಕಾಏಕಿ ಅಡ್ಡ ಬರಬಾರದು, ಕೀಲಿ ಕಿತ್ತುಕೊಳ್ಳಬಾರದು ಎಂಬುದು ಅವುಗಳಲ್ಲಿ ಮುಖ್ಯ. ಇವನ್ನು ತಿಳಿದಿರಬೇಕು. ಆದರೆ ರಸ್ತೆಯಲ್ಲಿ ನಿಂತು ಪೇದೆಗೆ ಪಾಠ ಹೇಳಲು ಹೋಗಬಾರದು. ಬಿಸಿಲಲ್ಲಿ ದಿನವೆಲ್ಲ ನಿಂತವರು ಅವರು, "ಸಾಹೇಬ್ರ, ಯಾವ ಜಾಗ, ಎಷ್ಟು ಸ್ಪೀಡು, ಫೋಟೋ ತೋರಿಸ್ತೀರೇನ್ರಿ?" ಎಂದು ಸಮಾಧಾನದಿಂದ ಕೇಳಿದರೆ ಬಹುತೇಕರು ತೋರಿಸುತ್ತಾರೆ. ಸ್ಥಳ, ಸಮಯ, ತೋರಿಸಿದ ವೇಗ, ಅಧಿಕಾರಿಯ ಹೆಸರು, ಇಷ್ಟನ್ನು ಬರೆದುಕೊಂಡರೆ ಸಾಕು.

ಯಂತ್ರದ ವಿಚಾರಕ್ಕೆ ಬರೋಣ. ಎ.ಪಿ.ಎಂ.ಸಿ.ಯಲ್ಲಿ ತೂಕದ ಯಂತ್ರಕ್ಕೆ ಆ ವರ್ಷದ ಮುದ್ರೆ ಬಿದ್ದಿದೆಯೇ ಎಂದು ನೋಡದೆ ನಾವು ಚೀಲ ಇಳಿಸುವುದಿಲ್ಲ. ವೇಗ ಅಳೆಯುವ ಯಂತ್ರವೂ ಒಂದು ತಕ್ಕಡಿಯೇ. ರೇಡಾರ್ ವೇಗಮಾಪಕಗಳಿಗೆ ಪರಿಶೀಲನೆಯೂ ಮುದ್ರೆಯೂ ಆಗಬೇಕೆಂಬ ನಿಯಮವನ್ನು ಕೇಂದ್ರದ ಕಾನೂನು ಮಾಪನ ಇಲಾಖೆಯೇ ಮಾಡಿದೆ. ಅದು 2025ರ ಜುಲೈ 1ರಿಂದ ಜಾರಿಯಾಗಿದೆ. ಕ್ಯಾಮರಾ ಮೂಲಕ ದಂಡ ಹಾಕುವುದಾದರೆ ಆ ಉಪಕರಣಕ್ಕೆ ಪ್ರಮಾಣಪತ್ರವಿರಬೇಕು, ಮುಂದೆ ಕ್ಯಾಮರಾ ಇದೆಯೆಂಬ ಎಚ್ಚರಿಕೆಯ ಫಲಕವಿರಬೇಕು ಎಂದು 2021ರ ಆಗಸ್ಟಿನಲ್ಲಿ ಸೇರಿಸಿದ 167-ಎ ನಿಯಮ ಹೇಳುತ್ತದೆ. ಯಂತ್ರವೇ ಇಲ್ಲದೆ "ನೋಡಿದರೆ ಗೊತ್ತಾಗೋದಿಲ್ವೇನ್ರಿ, ಜೋರಾಗಿ ಬಂದ್ರಿ" ಎಂದರೆ? ಒಬ್ಬನೇ ಸಾಕ್ಷಿಯ ಕಣ್ಣಂದಾಜನ್ನು ನಂಬಿ, ಯಾಂತ್ರಿಕ ಇಲ್ಲವೇ ಎಲೆಕ್ಟ್ರಾನಿಕ್ ಉಪಕರಣದ ಆಧಾರವಿಲ್ಲದೆ, ವೇಗದ ಅಪರಾಧಕ್ಕೆ ಶಿಕ್ಷೆ ಕೊಡುವಂತಿಲ್ಲ ಎಂದು 183ನೇ ಕಲಂ ಸ್ಪಷ್ಟವಾಗಿ ಹೇಳಿದೆ.

ಈಗ ಸುಮ್ಮನೆ ಕಟ್ಟುವವರ ವಿಷಯ. ಸ್ಥಳದಲ್ಲಿ ಕಟ್ಟುವುದು ಕೋರ್ಟಿನ ದಂಡವಲ್ಲ. ಅದು 200ನೇ ಕಲಮಿನಡಿಯ ರಾಜಿ ಶುಲ್ಕ. ರಾಜಿಗೆ ಒಪ್ಪುವುದೂ ಬಿಡುವುದೂ ನಮಗೆ ಸೇರಿದ್ದು. ಹೀಗೆ ರಾಜಿಯಾದದ್ದನ್ನೂ ಅಪರಾಧ ನಡೆದದ್ದೆಂದೇ ಲೆಕ್ಕ ಹಿಡಿದು, ಮುಂದಿನದನ್ನು ಎರಡನೆಯ ಅಪರಾಧವೆಂದು ಪರಿಗಣಿಸಬೇಕೆಂದು 2019ರ ತಿದ್ದುಪಡಿ ವಿಧಿಸಿತು. ವೇಗದ ಎರಡನೆಯ ಅಪರಾಧಕ್ಕೆ ಚಾಲಕನ ಪರವಾನಗಿಯನ್ನೇ ವಶಪಡಿಸಿಕೊಳ್ಳಬೇಕು. ಅದು ಅಮಾನತಿಗಾಗಿ ಸಾರಿಗೆ ಕಚೇರಿಗೆ ಹೋಗುತ್ತದೆ. ಮೂರು ತಿಂಗಳು ಪರವಾನಗಿ ಹೋದರೆ ತೋಟದ ಮಾಲೀಕ ಬೇರೆ ಚಾಲಕನನ್ನು ಹುಡುಕಿಕೊಳ್ಳಬಹುದು. ಸ್ಟಿಯರಿಂಗ್ ನಂಬಿ ಮನೆ ನಡೆಸುವ ಚಾಲಕ ಏನು ಮಾಡಬೇಕು? ಕೊಯ್ಲಿನ ಕಾಲದಲ್ಲಿ ಮೂರು ತಿಂಗಳೆಂದರೆ ಅವನ ವರ್ಷದ ದುಡಿಮೆಯ ಬಹುಭಾಗ. ಮಾಡದ ತಪ್ಪಿಗೆ ಇಂದು ನಾವು ಸುಲಭವೆಂದು ಕಟ್ಟಿದ ಸಾವಿರ ರೂಪಾಯಿ ಅವನ ಹೆಸರಿಗೆ ಮೊದಲ ಅಪರಾಧವಾಗಿ ಕೂಡುತ್ತದೆ.

ಆದ್ದರಿಂದ ತಕರಾರಿದ್ದರೆ ಬರವಣಿಗೆಯಲ್ಲಿ ಸಲ್ಲಿಸಬೇಕು. ನಮ್ಮ ಸದಸ್ಯರೊಬ್ಬರ ಪಿಕಪ್ಪು ತೋಟದ ಶೆಡ್ಡಿನಲ್ಲಿ ನಿಂತಿದ್ದ ದಿನ ಅದರ ನಂಬರಿಗೆ ವೇಗದ ಚಲನ್ ಬಂದಿತ್ತು. ಫೋಟೋ ತರಿಸಿ ನೋಡಿದರೆ ಅದರಲ್ಲಿದ್ದುದು ಕಾರು. ನಂಬರಿನ ಒಂದು ಅಂಕಿಯನ್ನು ತಪ್ಪಾಗಿ ಓದಿದ್ದರು. ನೋಂದಣಿ ಪತ್ರದ ಪ್ರತಿಯೊಡನೆ ಅರ್ಧ ಪುಟದ ಅರ್ಜಿ ಕೊಟ್ಟದ್ದೇ ಚಲನ್ ರದ್ದಾಯಿತು. ಎಲ್ಲವೂ ಇಷ್ಟು ಸರಳವಾಗಿ ಮುಗಿಯುವುದಿಲ್ಲ ನಿಜ. ಅರ್ಜಿಗೆ ಕಿವಿಗೊಡದಿದ್ದರೆ ಮ್ಯಾಜಿಸ್ಟ್ರೇಟರ ನ್ಯಾಯಾಲಯದಲ್ಲಿ "ತಪ್ಪು ಒಪ್ಪುವುದಿಲ್ಲ" ಎಂದು ಹೇಳಬೇಕಾಗುತ್ತದೆ. ಹಾಗೆ ಹೇಳಿದಾಗ ಯಂತ್ರದ ದಾಖಲೆಯನ್ನು ಮುಂದಿಡುವ ಹೊಣೆ ಪ್ರಾಸಿಕ್ಯೂಷನ್ನಿನದು. ದಿನಗಳು ಹೋಗುತ್ತವೆ, ವಕೀಲರ ಫೀ ದಂಡಕ್ಕಿಂತ ಹೆಚ್ಚಾಗಬಹುದು. ಮೂರ್ನಾಲ್ಕು ಕಿ.ಮೀ. ಹೆಚ್ಚುಕಡಿಮೆಯ ಜಗಳಕ್ಕೆ ಕೋರ್ಟಿಗೆ ಹೋಗಿ ಎಂದು ನಾನು ಹೇಳಲಾರೆ. ಗಾಡಿಯೇ ಬೇರೆಯಾಗಿದ್ದರೆ, ಯಂತ್ರವೇ ಇರದಿದ್ದರೆ, ಇಲ್ಲವೇ ಚಾಲಕನಿಗೆ ಇದು ಎರಡನೆಯದಾಗುವಂತಿದ್ದರೆ ಮಾತ್ರ ಹಿಂದೆಗೆಯಬಾರದು.

ಬಾಕಿ ಚಲನ್‌ಗಳಿಗೆ ಸರ್ಕಾರ 2023ರ ಫೆಬ್ರವರಿಯಲ್ಲೂ 2025ರ ಆಗಸ್ಟ್–ಸೆಪ್ಟೆಂಬರಿನಲ್ಲೂ ಅರ್ಧ ರಿಯಾಯಿತಿ ಕೊಟ್ಟಿತ್ತು. ಮತ್ತೆ ಕೊಟ್ಟಾರೆಂದು ಕಾಯ್ದು ಕೂತ ಸದಸ್ಯರಿದ್ದಾರೆ. ತಪ್ಪು ಮಾಡಿ ತಡಮಾಡಿದವನಿಗೆ ಅರ್ಧ, ಹೊತ್ತಿಗೆ ಕಟ್ಟಿದವನಿಗೆ ಪೂರ್ತಿ ಎಂಬ ಈ ಪದ್ಧತಿ ನನಗಂತೂ ಹಿಡಿಸಿಲ್ಲ. ಸಾಲಮನ್ನಾದ ಕಾಲದಲ್ಲಿ ಸಹಕಾರ ಸಂಘಗಳು ಇದೇ ಪಾಡನ್ನು ಕಂಡಿವೆ.

ಇನ್ನು ನಮ್ಮದೇ ಪಾಲಿನ ಮಾತು. ಹಸಿ ಅಡಿಕೆ ಕೊಯ್ದ ಮೇಲೆ ಬೇಗ ಸುಲಿಯಬೇಕು, ಕಾಫಿ ಹಣ್ಣು ಅದೇ ದಿನ ಪಲ್ಪರ್ ಸೇರಬೇಕು, ಮಾರುಕಟ್ಟೆಗೆ ಟೆಂಡರಿನ ಹೊತ್ತಿಗೆ ಮುಟ್ಟಬೇಕು. ಮನೆಯಲ್ಲಿ ಒಂದು ತಾಸು ತಡಮಾಡಿ ಚೀಲ ಹೇರಿಸಿ, "ಹನ್ನೊಂದರೊಳಗ ಅಲ್ಲಿರಬೇಕಪ್ಪಾ" ಎಂದು ಚಾಲಕನಿಗೆ ಹೇಳುವವರು ನಾವೇ. ಕೈಕೆಳಗಿನವನಿಂದ ಮಿತಿಮೀರಿ ಓಡಿಸುವ ಮಾಲೀಕನೂ 183ನೇ ಕಲಮಿನ ಅಪರಾಧಿಯೇ ಎಂಬುದನ್ನು ಸದಸ್ಯರು ಗಮನಿಸಬೇಕು. ದಂಡ ಬಂದಾಗ ಅದನ್ನು ಚಾಲಕನ ಪಗಾರದಲ್ಲಿ ಹಿಡಿಯುವ ರೂಢಿ ಕೆಲವರಲ್ಲಿದೆ. ಅವಸರ ನಮ್ಮದಾಗಿದ್ದಲ್ಲಿ ಅದು ಅನ್ಯಾಯವೆಂದೇ ನನ್ನ ಅಭಿಪ್ರಾಯ. ಮುಂದಿನ ಆಡಳಿತ ಮಂಡಳಿ ಸಭೆಯಲ್ಲಿ ಈ ವಿಷಯವನ್ನು ಇಡಲಿದ್ದೇನೆ.

ತಕರಾರು ಅರ್ಜಿಯ ಕನ್ನಡ ನಮೂನೆಯೊಂದನ್ನು ಕಚೇರಿಯಲ್ಲಿ ಸಿದ್ಧಪಡಿಸಿ ಇಡಲಾಗುವುದು. ಚಲನ್ ಬಂದ ವಾರದೊಳಗೆ ಅದರ ಪ್ರತಿ, ನೋಂದಣಿ ಪತ್ರ, ವಿಮೆ ಹಾಗೂ ಚಾಲಕನ ಪರವಾನಗಿಯನ್ನು ತರಬೇಕು. ಗಡುವು ಚಲನ್‌ನಲ್ಲೇ ನಮೂದಾಗಿರುತ್ತದೆ. ಸಾಧ್ಯವಾದರೆ ಚಾಲಕನನ್ನೂ ಕರೆತನ್ನಿ. ಹಳೆಯ ಗಾಡಿ ಕೊಂಡು ಇನ್ನೂ ಹೆಸರು ಬದಲಾಯಿಸದವರು, ನೋಂದಣಿಯಲ್ಲಿ ಹಳೆಯ ಮೊಬೈಲ್ ನಂಬರ್ ಬಿಟ್ಟವರು ಮೊದಲು ಅದನ್ನು ಸರಿಪಡಿಸಿಕೊಳ್ಳಬೇಕು. ಇಲ್ಲವಾದರೆ ನಿಮ್ಮ ಗಾಡಿಯ ನೋಟೀಸು ಮಾರಿದವರ ಮನೆಗೆ ಹೋಗುತ್ತದೆ.